ಕೆರೆಗಳ ಫೋಟೊ ತೆಗೆಯುವ ಕಾಲೇಜು ಉಪಗ್ರಹ: 18 ತಿಂಗಳಲ್ಲಿ ಆಗುತ್ತದಾ?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮದು 14 ಜನರ ತಂಡ. 1ಯು ಕ್ಯೂಬ್‌ಸ್ಯಾಟ್ (10 ಸೆಂಟಿಮೀಟರ್ ಘನದಷ್ಟು ಪುಟ್ಟ ಉಪಗ್ರಹ) ಮಾಡಿ, ಅದರಲ್ಲಿ ಕ್ಯಾಮೆರಾ ಇಟ್ಟು, ಜಿಲ್ಲೆಯ ಕೆರೆಗಳ ಫೋಟೊ ತೆಗೆಯಬೇಕು ಅಂತ ಆಸೆ. ನೀರು ಎಷ್ಟಿದೆ, ಅಂತರಗಂಗೆ ಎಷ್ಟು ಹಬ್ಬಿದೆ ಅಂತ ತಿಳಿಯುವುದು ಉದ್ದೇಶ. ಮ್ಯಾನೇಜ್‌ಮೆಂಟ್ 40 ಲಕ್ಷ ಕೊಡುವುದಾಗಿ ಹೇಳಿದೆ. ನಾವು ಪಾಸಾಗಿ ಹೋಗುವುದರೊಳಗೆ, ಅಂದರೆ 18 ತಿಂಗಳಲ್ಲಿ, ಇದು ಆಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವ ರೂಪದಲ್ಲಿ ಇದು ಆಗುವುದಿಲ್ಲ. ಆದರೆ ನಿಮ್ಮ ತಂಡ ಮಾಡಿದ ಒಂದು ವಸ್ತು ಕಕ್ಷೆಗೆ ಹೋಗಿ ಕೆಲಸ ಮಾಡುವುದು ಖಂಡಿತ ಸಾಧ್ಯ. ಅದು ಯಾವ ವಸ್ತು ಅನ್ನೋದನ್ನು ಒಂದು ಭಾನುವಾರ ನೋಟ್‌ಬುಕ್, ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತು ತೀರ್ಮಾನಿಸಬಹುದು. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ವಿದ್ಯಾರ್ಥಿಗಳ ಪ್ರಸ್ತಾವಗಳನ್ನು ಓದುವಾಗ ನಾನು ಮೊದಲು ಹುಡುಕುವುದೇ ಈ ಲೆಕ್ಕದ ಪುಟವನ್ನು. ಹೆಚ್ಚಿನವುಗಳಲ್ಲಿ ಅದು ಇರುವುದಿಲ್ಲ. ಉಪಗ್ರಹದ ಬಣ್ಣಬಣ್ಣದ ಚಿತ್ರ ಮಾತ್ರ ಇರುತ್ತದೆ.

ಮೊದಲು ಕ್ಯಾಮೆರಾ ನೋಡೋಣ. 10 ಸೆಂಟಿಮೀಟರ್ ಘನದೊಳಗೆ ಬ್ಯಾಟರಿ, ಕಂಪ್ಯೂಟರ್, ರೇಡಿಯೊ ಎಲ್ಲ ಇಟ್ಟ ಮೇಲೆ ಲೆನ್ಸ್‌ಗೆ ಉಳಿಯುವ ಜಾಗ ಕಡಿಮೆ. 25 ಮಿಲಿಮೀಟರ್ ಫೋಕಲ್ ಲೆಂತ್ ಅಂತ ಹಿಡಿಯಿರಿ. ಸೆನ್ಸರ್‌ನ ಒಂದು ಪಿಕ್ಸೆಲ್ 5 ಮೈಕ್ರಾನ್. 500 ಕಿಲೋಮೀಟರ್ ಎತ್ತರದಿಂದ ನೋಡಿದರೆ ಒಂದು ಪಿಕ್ಸೆಲ್ ನೆಲದ ಮೇಲೆ 100 ಮೀಟರ್ ಅಗಲಕ್ಕೆ ಬರುತ್ತದೆ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ ಸ್ಟಡ್‌ಸ್ಯಾಟ್ ನಿಮಗೆ ಗೊತ್ತಿರಬೇಕು. ಕರ್ನಾಟಕ ಮತ್ತು ಆಂಧ್ರದ ಏಳು ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಮಾಡಿದ, ಒಂದು ಕೆಜಿಗಿಂತ ಕಡಿಮೆ ತೂಕದ ಉಪಗ್ರಹ. ಅದರ ಕ್ಯಾಮೆರಾದ ರೆಸಲ್ಯೂಷನ್ ಕೂಡ ಸುಮಾರು 90 ಮೀಟರ್. ಹಾಗಾಗಿ ನಮ್ಮ ಲೆಕ್ಕ ತೀರಾ ದಾರಿ ತಪ್ಪಿಲ್ಲ.

ಈಗ ನಿಮ್ಮ ಕೆರೆ. 20 ಎಕರೆ ಕೆರೆ ಅಂದರೆ ಸುಮಾರು 81,000 ಚದರ ಮೀಟರ್. ನಿಮ್ಮ ಚಿತ್ರದಲ್ಲಿ ಅದು ಎಂಟು ಚುಕ್ಕೆ. ಆ ಎಂಟರಲ್ಲಿ ಅಂಚಿನವು ಅರ್ಧ ನೀರು, ಅರ್ಧ ಗದ್ದೆ. ಅಂತರಗಂಗೆ ಯಾವುದು, ಪಕ್ಕದ ಭತ್ತ ಯಾವುದು ಅಂತ ಹೇಳುವ ಹಾಗೇ ಇಲ್ಲ. ಅದೇ ಕೆರೆ ಯುರೋಪಿನ ಸೆಂಟಿನೆಲ್-2 ಚಿತ್ರದಲ್ಲಿ 800 ಚುಕ್ಕೆ. ಅದು 10 ಮೀಟರ್ ರೆಸಲ್ಯೂಷನ್, ಐದು ದಿನಕ್ಕೊಮ್ಮೆ ಸಿಗುತ್ತದೆ, ಗಿಡದ ಹಸಿರನ್ನು ಹಿಡಿಯುವ ಇನ್‌ಫ್ರಾರೆಡ್ ಬ್ಯಾಂಡ್ ಇದೆ, ಡೌನ್‌ಲೋಡ್ ಪುಕ್ಕಟೆ. ಕೆರೆಗಳ ಸ್ಥಿತಿ ತಿಳಿಯುವುದೇ ನಿಮ್ಮ ನಿಜವಾದ ಉದ್ದೇಶವಾದರೆ ಉಪಗ್ರಹ ಬೇಡ. ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಈ ಸೆಮಿಸ್ಟರ್‌ನಲ್ಲೇ ಮುಗಿಸಬಹುದು. ಉಪಗ್ರಹ ಮಾಡುವುದನ್ನು ಕಲಿಯಬೇಕು ಅನ್ನೋದು ಉದ್ದೇಶವಾದರೆ ಅದನ್ನೇ ಧೈರ್ಯವಾಗಿ ಬರೆಯಿರಿ. ಕಲಿಕೆ ಕೂಡ ಒಂದು ಒಳ್ಳೆಯ ಉದ್ದೇಶ. ಅದಕ್ಕೆ ಕೆರೆಯ ಹೆಸರಿನ ಮುಖವಾಡ ಯಾಕೆ?

ಚಿತ್ರದ ವಿಷಯದಲ್ಲಿ ಇನ್ನೊಂದು ತೊಡಕಿದೆ. 500 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹದ ಮುಖ ಒಂದು ಡಿಗ್ರಿ ವಾಲಿದರೆ ನೆಲದ ಮೇಲೆ ಸುಮಾರು 9 ಕಿಲೋಮೀಟರ್ ಆಚೆ ನೋಡುತ್ತದೆ. ಬರೀ ಮ್ಯಾಗ್ನೆಟಿಕ್ ಕಾಯಿಲ್‌ಗಳಿಂದ ದಿಕ್ಕು ಹಿಡಿಯುವ ಸಣ್ಣ ಉಪಗ್ರಹ ಐದು ಡಿಗ್ರಿಯೊಳಗೆ ನಿಂತರೆ ಅದು ಒಳ್ಳೆಯ ಕೆಲಸ. ಐದು ಡಿಗ್ರಿ ಅಂದರೆ 44 ಕಿಲೋಮೀಟರ್. ಹಾಸನ ಅಂದುಕೊಂಡು ಗುಂಡಿ ಒತ್ತಿದರೆ ಅರಸೀಕೆರೆ ಬರಬಹುದು. ಮಳೆಗಾಲದಲ್ಲಾದರೆ ಬರೀ ಮೋಡ.

ಇನ್ನು ಕರೆಂಟಿನ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಮಾಡೋಣ, ಯಾಕಂದರೆ 1ಯು ಯೋಜನೆಗಳು ಮುಗ್ಗರಿಸುವುದು ಇಲ್ಲೇ. ಘನದ ಒಂದು ಮುಖದ ಮೇಲೆ ಎರಡು ಸೋಲಾರ್ ಸೆಲ್ ಹಿಡಿಯುತ್ತವೆ, ಒಟ್ಟು ಸುಮಾರು 60 ಚದರ ಸೆಂಟಿಮೀಟರ್. ಬಾಹ್ಯಾಕಾಶದಲ್ಲಿ ಬಿಸಿಲು ಚದರ ಮೀಟರಿಗೆ 1361 ವ್ಯಾಟ್. ಸೆಲ್‌ನ ದಕ್ಷತೆ ಶೇ 28 ಅಂತ ಹಿಡಿದರೆ, ಆ ಮುಖ ನೆಟ್ಟಗೆ ಸೂರ್ಯನ ಕಡೆ ತಿರುಗಿದ್ದಾಗ 2.3 ವ್ಯಾಟ್ ಬರುತ್ತದೆ. ಉರುಳುತ್ತಿರುವ ಘನಕ್ಕೆ ಸರಾಸರಿ ಒಂದೂವರೆ ಮುಖದಷ್ಟು ಬಿಸಿಲು ಸಿಗುತ್ತದೆ. ಅಂದರೆ 3.4 ವ್ಯಾಟ್. ಆದರೆ ಒಂದು ಸುತ್ತಿಗೆ ಹಿಡಿಯುವ ಸುಮಾರು 95 ನಿಮಿಷದಲ್ಲಿ 35 ನಿಮಿಷದವರೆಗೂ ಉಪಗ್ರಹ ಭೂಮಿಯ ನೆರಳಲ್ಲಿರುತ್ತದೆ. ಅದನ್ನು ಕಳೆದರೆ 2.1 ವ್ಯಾಟ್. ಒಂದು ಮುಖವನ್ನು ಕ್ಯಾಮೆರಾಗೆ ಬಿಟ್ಟುಕೊಡಬೇಕು. ಬ್ಯಾಟರಿಗೆ ತುಂಬಿ ತೆಗೆಯುವಾಗ ಒಂದಷ್ಟು ಸೋರುತ್ತದೆ. ಕೊನೆಗೆ ಕೈಗೆ ಬರುವುದು 1.5 ವ್ಯಾಟ್. ಹಳೇ ಕಾಲದ ಫೋನ್ ಚಾರ್ಜರ್ ಕೂಡ 5 ವ್ಯಾಟ್ ಕೊಡುತ್ತಿತ್ತು.

ಈಗ ಖರ್ಚು. ಕಂಪ್ಯೂಟರ್ ಸದಾ ಓಡಬೇಕು, 0.35 ವ್ಯಾಟ್. ರಿಸೀವರ್ ಸದಾ ಕಿವಿ ತೆರೆದಿರಬೇಕು, 0.25. ದಿಕ್ಕು ಹಿಡಿಯುವ ಕಾಯಿಲ್ ಮತ್ತು ಸೆನ್ಸರ್‌ಗಳಿಗೆ 0.3. ಬ್ಯಾಟರಿ ಹೀಟರ್‌ಗೆ ಸರಾಸರಿ 0.2. ಒಂದು ವ್ಯಾಟ್ ಹೊರಗೆ ಕಳಿಸುವ ಟ್ರಾನ್ಸ್‌ಮಿಟರ್ ಒಳಗೆ 4 ವ್ಯಾಟ್ ತಿನ್ನುತ್ತದೆ. ಅದು ಅರ್ಧ ನಿಮಿಷಕ್ಕೊಮ್ಮೆ ಒಂದು ಸೆಕೆಂಡ್ ಬೀಕನ್ (ನಾನಿದ್ದೇನೆ ಅನ್ನುವ ಗುರುತಿನ ಸಂಕೇತ) ಕಳಿಸಿ, ನಿಮ್ಮ ಊರಿನ ಮೇಲೆ ಬಂದಾಗ ಡೇಟಾ ಸುರಿದರೆ ಸರಾಸರಿ 0.17. ಎಲ್ಲ ಸೇರಿ 1.27 ವ್ಯಾಟ್. ಉಳಿದದ್ದು 0.23. ಕ್ಯಾಮೆರಾ ಮತ್ತು ಅದರ ಪ್ರೊಸೆಸರ್‌ಗೆ 2.5 ವ್ಯಾಟ್ ಬೇಕಾದರೆ ಒಂದು ಸುತ್ತಿಗೆ ಎಂಟೊಂಬತ್ತು ನಿಮಿಷ ಓಡಿಸಬಹುದು. ಸಾಕಲ್ವಾ ಅನ್ನಿಸಬಹುದು. ಆದರೆ ಕಾಗದದ ಹಂತದಲ್ಲಿ ನಾಲ್ಕನೇ ಒಂದು ಭಾಗ ಮಾರ್ಜಿನ್ ಇಟ್ಟುಕೊಳ್ಳಲೇಬೇಕು. ಆಗ ಕೈಯಲ್ಲಿರುವುದೇ 1.12. ಕ್ಯಾಮೆರಾ ಆನ್ ಆಗುವ ಮೊದಲೇ ನೀವು ಸಾಲದಲ್ಲಿದ್ದೀರಿ. 1ಯು ನಿಮಗೆ ಹೊಂದುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಈ ಅಂಕಿಗಳು ನಾನು ಅಂದಾಜಿಗೆ ಹಿಡಿದವು. ನಿಮ್ಮ ಬಿಡಿಭಾಗಗಳ ಡೇಟಾಶೀಟ್ ನೋಡಿ ನಿಮ್ಮದನ್ನು ಹಾಕಿಕೊಳ್ಳಿ.

ತೆಗೆದ ಫೋಟೊ ಕೆಳಗೆ ಬರಬೇಕಲ್ಲ? ಧ್ರುವದ ಮೇಲೆ ಹಾಯುವ ಕಕ್ಷೆಯಲ್ಲಿದ್ದರೆ ಹಾಸನದಿಂದ ಆ ಉಪಗ್ರಹ ದಿನಕ್ಕೆ ನಾಲ್ಕು ಸಲ ದಿಗಂತದ ಮೇಲೆ ಬರುತ್ತದೆ. ಅದರಲ್ಲಿ ಗುಡ್ಡ, ಮರ, ಕಟ್ಟಡ ದಾಟಿ ಚೆನ್ನಾಗಿ ಸಿಗುವುದು ಎರಡು ಅಥವಾ ಮೂರು. ಎಲ್ಲ ಕೂಡಿದರೆ ದಿನಕ್ಕೆ 15 ನಿಮಿಷ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅದು ಸುಮಾರು 1 ಮೆಗಾಬೈಟ್. ಪ್ಯಾಕೆಟ್ ತಲೆಬರಹ, ಕಳೆದುಹೋದವನ್ನು ಮತ್ತೆ ಕೇಳುವುದು, ಉಪಗ್ರಹದ ಆರೋಗ್ಯದ ಮಾಹಿತಿ, ಇದಕ್ಕೆಲ್ಲ ಅರ್ಧ ಹೋಗುತ್ತದೆ. ಉಳಿದ ಅರ್ಧ ಮೆಗಾಬೈಟ್‌ನಲ್ಲಿ 640×480ರ ಕಪ್ಪುಬಿಳುಪು ಚಿತ್ರ ಒಂದೂವರೆ ಹಿಡಿಯುತ್ತದೆ. ಕಂಪ್ರೆಸ್ ಮಾಡಿದರೆ ಜಾಸ್ತಿ ಬರುತ್ತದೆ, ಸರಿ. ಆದರೂ ಜಿಲ್ಲೆಯ ಕೆರೆಗಳನ್ನೆಲ್ಲ ಕಾಯುವ ಕೆಲಸ ಇದರಿಂದ ಆಗದು.

ರೇಡಿಯೊ ಲಿಂಕ್ ಮಾತ್ರ ನಿಮಗೆ ಅನುಕೂಲವಾಗಿದೆ. 437 ಮೆಗಾಹರ್ಟ್ಸ್, ಒಂದು ವ್ಯಾಟ್, ಉಪಗ್ರಹ 2000 ಕಿಲೋಮೀಟರ್ ದೂರದಲ್ಲಿದ್ದಾಗ ದಾರಿಯ ನಷ್ಟ 151 ಡೆಸಿಬೆಲ್. ನೆಲದಲ್ಲಿ 14 ಡೆಸಿಬೆಲ್ ಗೇನ್ ಇರುವ ಯಾಗಿ ಆಂಟೆನಾ (ಹಳೇ ಟಿವಿ ಆಂಟೆನಾದಂಥದ್ದು) ಇದ್ದರೆ 9600 ವೇಗಕ್ಕೆ ನಾಲ್ಕೈದು ಡೆಸಿಬೆಲ್ ಮಾರ್ಜಿನ್ ಉಳಿಯುತ್ತದೆ. ಇದು ನಿಶ್ಶಬ್ದವಾದ ಜಾಗದ ಲೆಕ್ಕ. ಕಾಲೇಜು ಕಟ್ಟಡದ ಎಲ್‌ಇಡಿ ಲೈಟು, ಯುಪಿಎಸ್, ಲಿಫ್ಟ್ ಮೋಟರ್ ಸೇರಿ ಆ ಮಾರ್ಜಿನ್ ತಿಂದು ಹಾಕುತ್ತವೆ. ಒಂದು ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ರೇಡಿಯೊ ರಿಸೀವರ್) ತಗೊಂಡು ಕಾಲೇಜಿನ ಬೇರೆ ಬೇರೆ ತಾರಸಿಗಳಲ್ಲಿ ನಾಯ್ಸ್ ಅಳೆದು ನೋಡಿ. ಎಲ್ಲಿ ಕಡಿಮೆಯೋ ಅಲ್ಲಿ ಆಂಟೆನಾ. ಉಪಗ್ರಹ ಓಡುವ ವೇಗಕ್ಕೆ ಫ್ರೀಕ್ವೆನ್ಸಿ 10 ಕಿಲೋಹರ್ಟ್ಸ್‌ವರೆಗೆ ಆಚೆ ಈಚೆ ಸರಿಯುತ್ತದೆ. ಅದನ್ನು ಹಿಂಬಾಲಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಈಗ 18 ತಿಂಗಳ ಮಾತು. ಐಐಟಿ ಬಾಂಬೆಯ ವಿದ್ಯಾರ್ಥಿಗಳು ಪ್ರಥಮ್ ಉಪಗ್ರಹವನ್ನು 2007ರಲ್ಲಿ ಶುರು ಮಾಡಿದರು. ಅದು ಹಾರಿದ್ದು 2016ರ ಸೆಪ್ಟೆಂಬರ್ 26ರಂದು, ಪಿಎಸ್‌ಎಲ್‌ವಿ-ಸಿ35ರಲ್ಲಿ. ಒಂಬತ್ತು ವರ್ಷ. ಶುರು ಮಾಡಿದವರು ಉದ್ಯೋಗ ಹಿಡಿದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸುವಷ್ಟು ಕಾಲ! ಅದೇ ರಾಕೆಟ್‌ನಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 5.25 ಕೆಜಿಯ ಪೈಸ್ಯಾಟ್ ಕೂಡ ಹೋಯಿತು. ಇವೆಲ್ಲ ಸೋಮಾರಿತನದಿಂದ ತಡವಾದವಲ್ಲ. ಮೊದಲ ಸಲ ಮಾಡುವವರಿಗೆ ಎಲ್ಲವೂ ಎರಡು ಸಲ ಮಾಡಬೇಕಾಗುತ್ತದೆ. ನಡುವೆ ಪರೀಕ್ಷೆ, ಪ್ಲೇಸ್‌ಮೆಂಟ್, ರಜೆ. ಏಳನೇ ಸೆಮಿಸ್ಟರ್ ಬಂದ ತಕ್ಷಣ ನಿಮ್ಮ 14 ಜನರಲ್ಲಿ ಲ್ಯಾಬ್‌ಗೆ ಬರುವವರು ನಾಲ್ಕು ಜನ ಅಂತ ಇಟ್ಟುಕೊಳ್ಳಿ.

ಹಾಗಾಗಿ ಸಾಧ್ಯಾಸಾಧ್ಯತೆಯ ವರದಿಯಲ್ಲಿ ಜನರ ಪಟ್ಟಿಗೂ ಒಂದು ಪುಟ ಬೇಕು. ಯಾರು ಯಾವ ತಿಂಗಳು ಹೊರಡುತ್ತಾರೆ, ಆ ಕೆಲಸವನ್ನು ಮೂರನೇ ಸೆಮಿಸ್ಟರ್‌ನ ಯಾರು ಹಿಡಿಯುತ್ತಾರೆ. ಐದು ವರ್ಷ ಅಲ್ಲೇ ಇರುವ ಒಬ್ಬ ಮೇಷ್ಟ್ರು ಅಥವಾ ಮೇಡಂ ಹೆಸರು ಅದರಲ್ಲಿ ಇರಲೇಬೇಕು. ಎಲ್ಲ ತಂಡಗಳಲ್ಲೂ ಒಬ್ಬ ಹುಡುಗನ ತಲೆಯಲ್ಲಿ ಮಾತ್ರ ಇರುವ ಒಂದು ಸರ್ಕ್ಯೂಟ್ ಇರುತ್ತದೆ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಅದು ಸತ್ತ ಹಾಗೆ. ಯಾವ ಕನೆಕ್ಟರ್‌ನ ಎಷ್ಟನೇ ಪಿನ್‌ನಲ್ಲಿ ಏನು ಬರುತ್ತದೆ ಅನ್ನುವ ಒಂದು ಹಾಳೆ ಬರೆದಿಡಿ, ಬದಲಾದಾಗಲೆಲ್ಲ ತಿದ್ದಿ. ಬೇಜಾರಿನ ಕೆಲಸ, ಆದರೆ ಉಪಗ್ರಹವನ್ನು ಉಳಿಸುವುದು ಅದೇ.

ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಮೈಕೆಲ್ ಸ್ವಾರ್ಟ್‌ವೌಟ್ ಅನ್ನುವವರು ವರ್ಷಗಟ್ಟಲೆ ಜಗತ್ತಿನ ಕ್ಯೂಬ್‌ಸ್ಯಾಟ್‌ಗಳ ಲೆಕ್ಕ ಇಡುತ್ತಾ ಬಂದಿದ್ದಾರೆ. ಮೊದಲ ಸಲ ಮಾಡಿದ ಕಾಲೇಜುಗಳ ಉಪಗ್ರಹಗಳಲ್ಲಿ ದೊಡ್ಡ ಪಾಲು ಬೇಗ ಸತ್ತಿವೆ. ಎಷ್ಟೋ ಉಪಗ್ರಹಗಳು ಒಂದು ಸಲವೂ ಮಾತಾಡಿಲ್ಲ. ಕಾರಣ ಬಹಳ ಸಲ ದೊಡ್ಡ ವಿಜ್ಞಾನವೇನಲ್ಲ. ಇಡೀ ಉಪಗ್ರಹವನ್ನು ಜೋಡಿಸಿ, ನೆಲದ ಮೇಲೆ ವಾರಗಟ್ಟಲೆ ಓಡಿಸಿ ನೋಡುವುದಕ್ಕೆ ಟೈಮ್ ಉಳಿದಿರುವುದಿಲ್ಲ.

ಒಂದು ತಂಡದ ಪರೀಕ್ಷೆಗೆ ನಾನು ಹೋಗಿದ್ದೆ. ಆಂಟೆನಾ ಪಟ್ಟಿಯನ್ನು ಮಡಚಿ ಮೀನಿನ ದಾರದಿಂದ ಕಟ್ಟಿದ್ದರು. ಕಕ್ಷೆಗೆ ಹೋದ ಮೇಲೆ ನೈಕ್ರೋಮ್ ತಂತಿ ಕಾದು ದಾರ ಸುಡಬೇಕು, ಆಂಟೆನಾ ಬಿಚ್ಚಿಕೊಳ್ಳಬೇಕು. ಎಸಿ ಲ್ಯಾಬ್‌ನಲ್ಲಿ ಪ್ರತಿ ಸಲವೂ ಟಪ್ ಅಂತ ಬಿಚ್ಚಿಕೊಂಡಿತ್ತಂತೆ. ಅಲ್ಲಿ ಅವರು ಬಳಸಿದ್ದು ಟೇಬಲ್ ಮೇಲಿನ ಪವರ್ ಸಪ್ಲೈ. ಥರ್ಮೋವ್ಯಾಕ್ ಚೇಂಬರ್‌ನಲ್ಲಿ (ಗಾಳಿ ತೆಗೆದು ಬಿಸಿ, ತಂಪು ಮಾಡುವ ಪೆಟ್ಟಿಗೆ) ಮೈನಸ್ 20 ಡಿಗ್ರಿಗೆ ಇಳಿಸಿ, ಉಪಗ್ರಹದ ಬ್ಯಾಟರಿಯಿಂದಲೇ ಕರೆಂಟ್ ಕೊಟ್ಟಾಗ ಬ್ಯಾಟರಿಯ ವೋಲ್ಟೇಜ್ ಕುಸಿಯಿತು. ತಂತಿ ಕಾಯಲಿಲ್ಲ, ದಾರ ಹಾಗೇ ಇತ್ತು. ಕಿಟಕಿಯಿಂದ ಎಲ್ಲರೂ ಇಣುಕಿ ನೋಡುತ್ತಿದ್ದರು. ನೆಲದ ಮೇಲೆ ಗೊತ್ತಾಯಿತು, ಸರಿಪಡಿಸಿದರು. ಮೇಲೆ ಹೋದ ಮೇಲೆ ಆಗಿದ್ದರೆ ಅಷ್ಟೇ. ಕಂಪನ ಪರೀಕ್ಷೆ, ಥರ್ಮೋವ್ಯಾಕ್, ಆಮೇಲೆ ಬಂದ ದೋಷಗಳ ರಿಪೇರಿ: ಇದಕ್ಕೇ ಕನಿಷ್ಠ ಆರು ತಿಂಗಳು ತೆಗೆದಿಡಿ. 18ರಲ್ಲಿ ಆರು ಹೋದರೆ 12. ಅನುಮತಿಗಳ ಕಾಲ ಇದರ ಜೊತೆಜೊತೆಗೇ ಓಡುತ್ತದೆ.

ಅನುಮತಿ ಅಂದೆನಲ್ಲ, ಅದರ ದಾರಿ ಹೀಗಿದೆ. ಕಾಲೇಜು, ಖಾಸಗಿ ಕಂಪನಿ ಯಾರೇ ಆಗಲಿ, ಇಸ್ರೊ ಹೊರಗಿನವರ ಬಾಹ್ಯಾಕಾಶ ಚಟುವಟಿಕೆಗೆ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆಯ ಒಪ್ಪಿಗೆ ಬೇಕು. ರೇಡಿಯೊ ಫ್ರೀಕ್ವೆನ್ಸಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಹ್ಯಾಮ್ ಬ್ಯಾಂಡ್, ಅಂದರೆ ಹವ್ಯಾಸಿ ರೇಡಿಯೊದವರ 435ರಿಂದ 438 ಮೆಗಾಹರ್ಟ್ಸ್ ಬಳಸುವುದಾದರೆ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದ ಹೊಂದಾಣಿಕೆಯೂ ಬೇಕು. ಅವರು ಮೊದಲು ಕೇಳುವುದು, ಇದರಿಂದ ಹ್ಯಾಮ್‌ಗಳಿಗೆ ಏನು ಸಿಗುತ್ತದೆ ಅಂತ. ನಮಗೆ ಪುಕ್ಕಟೆ ಫ್ರೀಕ್ವೆನ್ಸಿ ಬೇಕಿತ್ತು ಅನ್ನೋದು ಉತ್ತರ ಆಗುವುದಿಲ್ಲ. ಇವು ತಿಂಗಳುಗಟ್ಟಲೆ ಹಿಡಿಯುವ ಕೆಲಸಗಳು. ಹಾರ್ಡ್‌ವೇರ್ ಮುಗಿಯಲಿ ಅಂತ ಕಾದು ಕೂತವರು ಕಾಯುತ್ತಲೇ ಇದ್ದಾರೆ.

ಕಕ್ಷೆ ಕೂಡ ನಿಮ್ಮ ಇಷ್ಟದ್ದಲ್ಲ. ದೊಡ್ಡ ಉಪಗ್ರಹ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನಿಮ್ಮದೂ ಹೋಗುತ್ತದೆ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಒಯ್ದದ್ದು ಭೂಮಧ್ಯರೇಖೆಗೆ ಬರೀ 6 ಡಿಗ್ರಿ ಓರೆಯಿರುವ ಕಕ್ಷೆಗೆ. ಹಾಸನ ಇರುವುದು 13 ಡಿಗ್ರಿಯಲ್ಲಿ. ಅಂಥ ಕಕ್ಷೆಯಲ್ಲಿ ಕೂತ ಕ್ಯಾಮೆರಾ ಹಾಸನದ ನೆತ್ತಿಯ ಮೇಲೆ ಒಂದು ಸಲವೂ ಹಾಯುವುದಿಲ್ಲ. ರೇಡಿಯೊ ಮಾತ್ರ ಸಿಗುತ್ತದೆ, ಓರೆಯಾಗಿ. ಹಾಗಾಗಿ ಯಾವ ಕಕ್ಷೆಗೆ ಹೋದರೂ ಏನಾದರೂ ಕೆಲಸ ಮಾಡುವಂಥ ಪೇಲೋಡ್ (ಮೇಲೆ ಹೋಗಿ ಕೆಲಸ ಮಾಡುವ ಉಪಕರಣ) ಆರಿಸಿಕೊಳ್ಳಿ.

ರಾಕೆಟ್‌ ಬಿದ್ದುಹೋಗುವ ಸಾಧ್ಯತೆಯೂ ಇದೆ. ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳು ಸೇರಿ ಮಾಡಿದ ಆಜಾದಿಸ್ಯಾಟ್ 2022ರ ಆಗಸ್ಟ್ 7ರಂದು ಇಸ್ರೊದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ಕಳೆದುಹೋಯಿತು. 2023ರ ಫೆಬ್ರವರಿ 10ರಂದು ಆಜಾದಿಸ್ಯಾಟ್-2 ಹಾರಿತು. ಎರಡನೆಯದನ್ನು ಮಾಡುವ ಶಕ್ತಿ ನಿಮ್ಮ ಕಾಲೇಜಿಗೆ ಇದೆಯಾ ಅಂತ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸಲ ಉಪಗ್ರಹ ಬಿಟ್ಟು ಬರೀ ಪೇಲೋಡ್ ಮಾಡುತ್ತಿದ್ದೆ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತ ಕೆಲಸ ಮುಗಿಸಿದ ಮೇಲೆ ಸುಮ್ನೆ ಕಸವಾಗುತ್ತಿತ್ತು. ಇಸ್ರೊ ಅದಕ್ಕೆ ಸೋಲಾರ್ ಪ್ಯಾನೆಲ್, ಬ್ಯಾಟರಿ, ದಿಕ್ಕು ಹಿಡಿಯುವ ವ್ಯವಸ್ಥೆ ಸೇರಿಸಿ ಪೋಯಮ್ ಅನ್ನುವ ವೇದಿಕೆ ಮಾಡಿದೆ. ಮೊದಲನೆಯದು 2022ರ ಜೂನ್ 30ರ ಸಿ53 ಹಾರಾಟದಲ್ಲಿ. ಕರೆಂಟು ಅವರದು, ದಿಕ್ಕು ಅವರದು. ನಿಮ್ಮದು ಒಂದು ಪೆಟ್ಟಿಗೆ ಮಾತ್ರ. ಮೇಲಿನ 1.5 ವ್ಯಾಟ್ ತಲೆನೋವು ಬಹುಪಾಲು ಅಲ್ಲಿಗೇ ಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಸ್ಪ್‌ಬೆರಿ ಪೈ ಇಟ್ಟುಕೊಂಡು ನಕ್ಷತ್ರ ನೋಡಿ ದಿಕ್ಕು ಹೇಳುವ ಸೆನ್ಸರ್ ಒಂದನ್ನು ಮಾಡಿ 2023ರ ಏಪ್ರಿಲ್‌ನಲ್ಲಿ ಇದೇ ವೇದಿಕೆಯಲ್ಲಿ ಪರೀಕ್ಷಿಸಿದರು. 2024ರ ಡಿಸೆಂಬರ್ 30ರ ಸಿ60ರಲ್ಲಿ ಹೋದ 24 ಪೇಲೋಡ್‌ಗಳಲ್ಲಿ ನಮ್ಮ ಕಾಲೇಜುಗಳದ್ದೂ ಇದ್ದವು. ಬೆಂಗಳೂರಿನ ಆರ್.ವಿ. ಕಾಲೇಜಿನವರದು ಕರುಳಿನ ಬ್ಯಾಕ್ಟೀರಿಯಾ ಅಲ್ಲಿ ಹೇಗೆ ಬೆಳೆಯುತ್ತದೆ ಅಂತ ನೋಡುವ ಪ್ರಯೋಗ. ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯವರದು ಹ್ಯಾಮ್‌ಗಳಿಗಾಗಿ ಸಂದೇಶ ಪ್ರಸಾರ ಮಾಡುವ ಪೇಲೋಡ್. ಅವರು ನಿಮ್ಮಿಂದ ಬಸ್ಸಿನ ದೂರದಲ್ಲಿದ್ದಾರೆ. ಹೋಗಿ ಮಾತಾಡಿ. ಯಾವ ಕಾಗದಕ್ಕೆ ಎಷ್ಟು ದಿನ ಹಿಡಿಯಿತು ಅನ್ನೋದು ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ.

ಪೋಯಮ್‌ಗೂ ಮಿತಿ ಇದೆ. ಸಿ58ರ ವೇದಿಕೆಯನ್ನು 350 ಕಿಲೋಮೀಟರ್‌ಗೆ ಇಳಿಸಿದ್ದರು, ಕಸ ಉಳಿಯಬಾರದು ಅಂತ. ಅದು 2024ರ ಮಾರ್ಚ್ 21ಕ್ಕೆ ವಾತಾವರಣಕ್ಕೆ ಬಿದ್ದು ಮುಗಿಯಿತು. ಮೂರು ತಿಂಗಳೂ ಇಲ್ಲ. ವರ್ಷವಿಡೀ ಮಾಹಿತಿ ಬೇಕಾದ ಪ್ರಯೋಗ ಅಲ್ಲಿ ಆಗದು. ವಾರಗಳಲ್ಲಿ ಉತ್ತರ ಸಿಗುವಂಥದ್ದು ಬೇಕು.

ಕೆರೆಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಪ್ರಶ್ನೆಯನ್ನು ತಿರುಗಿಸಿ. ಮೇಲಿಂದ ಕೆರೆಯನ್ನು ನೋಡುವ ಬದಲು ಕೆರೆಯೇ ಮೇಲಕ್ಕೆ ಸುದ್ದಿ ಕಳಿಸಲಿ. ತೂಬಿನ ಹತ್ತಿರ ಒಂದು ನೀರಿನ ಮಟ್ಟದ ಸೆನ್ಸರ್, ಸಣ್ಣ ಟ್ರಾನ್ಸ್‌ಮಿಟರ್. ಮೇಲೆ ಅದನ್ನು ಕೇಳಿಸಿಕೊಳ್ಳುವ ರಿಸೀವರ್ ಪೆಟ್ಟಿಗೆಯೇ ನಿಮ್ಮ ಪೇಲೋಡ್. ಒಂದು ಸಂದೇಶ 20 ಬೈಟ್. 200 ಕೆರೆ ಅಂದರೂ 4 ಕಿಲೋಬೈಟ್. ಅದು ನಿಮ್ಮ ಲಿಂಕ್‌ನ ಒಂದು ಪಾಸ್‌ನಲ್ಲಿ (ಒಮ್ಮೆ ಊರಿನ ಮೇಲೆ ಹಾದುಹೋಗುವಾಗ) ಹತ್ತು ಸೆಕೆಂಡಿನೊಳಗೆ ಕೆಳಗೆ ಬರುತ್ತದೆ. ದಿಕ್ಕು ಹಿಡಿಯುವ ತಲೆನೋವಿಲ್ಲ, ಮೋಡದ ಕಾಟ ಇಲ್ಲ. ಕಷ್ಟದ ಭಾಗ ಫ್ರೀಕ್ವೆನ್ಸಿ. ಹ್ಯಾಮ್ ಬ್ಯಾಂಡ್‌ನಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ, ಹಾಗಾಗಿ ಡಬ್ಲ್ಯುಪಿಸಿಗೆ ಮೊದಲೇ ಬರೆದು ಕೇಳಿ. ರಿಸೀವರ್ ಪೆಟ್ಟಿಗೆಯನ್ನು ರಾಕೆಟ್‌ಗೆ ಮೊದಲು ಬಲೂನಿನಲ್ಲಿ ಹಾರಿಸಿ ನೋಡಬಹುದು. ಹೈದರಾಬಾದಿನಲ್ಲಿ ಟಿಐಎಫ್‌ಆರ್‌ನ ಬಲೂನ್ ಕೇಂದ್ರ ಇದೆ.

ದುಡ್ಡಿನ ವಿಷಯ. 40 ಲಕ್ಷ ಕಡಿಮೆಯೇನಲ್ಲ, ಆದರೆ ವಿದೇಶಿ ಕಂಪನಿಯ ಸಿದ್ಧ 1ಯು ಪ್ಲಾಟ್‌ಫಾರ್ಮ್ ಒಂದಕ್ಕೇ ಅಷ್ಟೂ ಹೋಗಬಹುದು. ಅದನ್ನು ಕೊಂಡು ಜೋಡಿಸಿದರೆ ನೀವು ಕಲಿಯುವುದು ಸ್ಕ್ರೂ ತಿರುಗಿಸುವುದನ್ನು. ಪೇಲೋಡ್ ದಾರಿಯಲ್ಲಿ ಪ್ರತಿ ಬೋರ್ಡನ್ನೂ ಮೂರು ಮೂರು ಮಾಡಿ. ಒಂದು ಸುಡಲು, ಒಂದು ಪರೀಕ್ಷೆಗೆ, ಒಂದು ಹಾರಲು. ಪರೀಕ್ಷೆ, ಓಡಾಟ, ಮರುಪರೀಕ್ಷೆಗೆ ಮೂರನೇ ಒಂದು ಭಾಗ ಮುಟ್ಟದೆ ಇಡಿ. ಉಳಿದದ್ದರಲ್ಲಿ ಮೊದಲ ಖರ್ಚು ಗ್ರೌಂಡ್ ಸ್ಟೇಷನ್ (ಮೇಲಿನಿಂದ ಬರುವ ಸಂಕೇತ ಹಿಡಿಯುವ ನೆಲದ ಕೇಂದ್ರ) ಮೇಲೆ ಆಗಲಿ. ಅದು ನಿಮ್ಮ ಪೇಲೋಡ್ ಹಾರಲಿ, ಬಿಡಲಿ, ಕಾಲೇಜಿನಲ್ಲಿ ಉಳಿಯುವ ಆಸ್ತಿ. ಪಿವಿಸಿ ಪೈಪಿಗೆ ಅಲ್ಯೂಮಿನಿಯಂ ಕಡ್ಡಿ ಚುಚ್ಚಿ ಮಾಡಿದ ಯಾಗಿಯಿಂದಲೇ ಬೇರೆಯವರ ಕ್ಯೂಬ್‌ಸ್ಯಾಟ್ ಬೀಕನ್‌ಗಳನ್ನು ಹಿಡಿಯಬಹುದು. ಸ್ಯಾಟ್‌ನಾಗ್ಸ್ ಅನ್ನುವ ಜಾಲಕ್ಕೆ ಸೇರಿದರೆ ಜಗತ್ತಿನ ಬೇರೆ ಸ್ಟೇಷನ್‌ಗಳೂ ನಿಮಗಾಗಿ ಕೇಳಿಸಿಕೊಳ್ಳುತ್ತವೆ.

ಪ್ರಸಾರ ಮಾಡುವುದಕ್ಕೆ ಮಾತ್ರ ಲೈಸೆನ್ಸ್ ಬೇಕು. ಅದಕ್ಕೆ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆಯಬೇಕು. ನಿಮ್ಮಲ್ಲಿ ಇಬ್ಬರು, ಜೂನಿಯರ್‌ಗಳಲ್ಲಿ ಇಬ್ಬರು ಈ ಸೆಮಿಸ್ಟರ್‌ನಲ್ಲೇ ಅರ್ಜಿ ಹಾಕಿ. ಜೂನಿಯರ್‌ಗಳು ಯಾಕೆ ಅಂತ ಕೇಳಬೇಡಿ, ಪೇಲೋಡ್ ಹಾರುವ ಹೊತ್ತಿಗೆ ಮೈಕ್ ಹಿಡಿಯುವವರು ಅವರೇ.